ಔಷಧಿ ಹೊಡೆಯದ ನಾಲ್ಕು ಸಾಲು

ಎರಡು ವರ್ಷಗಳ ಹಿಂದೆ ತಾಳವಾಡಿ ಕಡೆಯ ರೈತರೊಬ್ಬರು ನನ್ನ ಕಚೇರಿಗೆ ಬಂದರು. ಅಂಗಡಿಯವರ ಮಾತನ್ನು ನಂಬಿ ಎರಡು ಎಕರೆ ಎಲೆಕೋಸಿಗೆ ಹೊಸದೊಂದು ಟಾನಿಕ್ ಸಿಂಪಡಿಸಿದ್ದರು. ಕೋಸು ಗಡ್ಡೆ ಬಿಗಿಯಲಿಲ್ಲ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಮಾರುಕಟ್ಟೆ ಸೇರಿದ ಮಾಲಿಗೆ ಲಾರಿ ಬಾಡಿಗೆಯೂ ಹುಟ್ಟಲಿಲ್ಲ. ಪರಿಹಾರಕ್ಕಾಗಿ ದಾವೆ ಹೂಡಬೇಕೆಂಬುದು ಅವರ ಅಪೇಕ್ಷೆ.

ನಾನು ಕೇಳಿದ ಮೊದಲ ಪ್ರಶ್ನೆ, ಟಾನಿಕ್ ಹೊಡೆಯದ ಸಾಲು ಏನಾದರೂ ಉಳಿದಿದೆಯೇ ಎಂಬುದು. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ದುಡ್ಡು ಕೊಟ್ಟು ತಂದ ಔಷಧೀನ ಯಾರಾದ್ರೂ ಅರ್ಧ ಹೊಲಕ್ಕೆ ಹೊಡೀತಾರಾ ಸಾರ್?”

ಪಕ್ಕದ ಹೊಲದ ಕೋಸು ಚೆನ್ನಾಗಿಯೇ ಬಂದಿತ್ತು. ಆದರೆ ಅಲ್ಲಿ ನಾಟಿ ಹದಿನೈದು ದಿನ ಮುಂಚೆ ಆಗಿತ್ತು, ಕೊಳವೆ ಬಾವಿಯ ನೀರೂ ಇತ್ತು. ಕಂಪನಿಗೆ ನೋಟೀಸು ಕಳುಹಿಸಿದೆ. ಆ ವರ್ಷದ ಬಿಸಿಲೇ ಕಾರಣವೆಂದು ಎರಡು ಪುಟಗಳ ಉತ್ತರ ಬಂದಿತು. ಅದು ಸುಳ್ಳೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ; ನಿಜವೂ ಆಗಿದ್ದಿರಬಹುದು. ಪ್ರಕರಣ ಅಲ್ಲಿಗೇ ನಿಂತಿತು.

ಬೀಜದ ವಿಷಯದಲ್ಲಿ ಕಾನೂನು ರೈತನ ಕಷ್ಟವನ್ನು ಅರಿತಿದೆ. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ 2012ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಕಳಪೆ ಬೀಜದಿಂದ ನಷ್ಟ ಹೊಂದಿದ ರೈತನು ಗ್ರಾಹಕ ವೇದಿಕೆಗೆ ಹೋಗಬಹುದೆಂದಿತು. ಬೀಜ ಕೆಟ್ಟದ್ದಿರಬಹುದೆಂದು ಮುಂಚೆಯೇ ಶಂಕಿಸಿ, ಪರೀಕ್ಷೆಗೆಂದು ಒಂದಿಷ್ಟನ್ನು ಎತ್ತಿಡಬೇಕೆಂದು ಅವನಿಂದ ನಿರೀಕ್ಷಿಸಲಾಗದು ಎಂದೂ ಹೇಳಿತು. ನ್ಯಾಯವಾದ ಮಾತು. ಆದರೆ ಆ ವಿನಾಯಿತಿ ನ್ಯಾಯಾಲಯದ ಒಳಗಿನದು. ಮುಂದಿನ ವರ್ಷ ಅದೇ ಟಾನಿಕ್ಕಿಗೆ ಹಣ ಹಾಕಬೇಕೆ, ಬೇಡವೆ ಎಂಬ ಪ್ರಶ್ನೆಗೆ ಯಾವ ನ್ಯಾಯಾಧೀಶರೂ ಉತ್ತರ ಕೊಡಲಾರರು. ಅಲ್ಲಿ ಹೊಲವೇ ಸಾಕ್ಷಿ ನುಡಿಯಬೇಕು. ಇಡೀ ಹೊಲಕ್ಕೆ ಹೊಡೆದುಬಿಟ್ಟರೆ ಸಾಕ್ಷಿಯ ಬಾಯಿ ಕಟ್ಟಿದಂತಾಯಿತು.

ವಿಜ್ಞಾನದ ವಿಧಾನವೆಂದರೆ ಪ್ರಯೋಗಾಲಯ, ಗಾಜಿನ ನಳಿಕೆ, ಬಿಳಿಯ ಕೋಟು ಎಂದು ನಮ್ಮ ಮಕ್ಕಳು ಭಾವಿಸುತ್ತಾರೆ. ಅದರ ಒಂದು ಪಾಲು ಬೆಳೆದದ್ದು ಹೊಲಗಳಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಜಾನ್ ಬೆನೆಟ್ ಲಾಸ್ ಎಂಬವರು 1843ರಲ್ಲಿ, ರಸಾಯನ ವಿಜ್ಞಾನಿ ಗಿಲ್ಬರ್ಟ್ ಅವರ ಜೊತೆಗೂಡಿ, ಗೋಧಿಯ ಹೊಲವೊಂದನ್ನು ಪಟ್ಟಿಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಹಾಕಿಸಿದರು. ಒಂದು ಪಟ್ಟಿಗೆ ಮಾತ್ರ ಏನನ್ನೂ ಹಾಕಲಿಲ್ಲ. ಇಂದಿಗೂ ಹಾಕಿಲ್ಲ. ಲಾಸ್ ಸ್ವತಃ ಸೂಪರ್ ಫಾಸ್ಫೇಟ್ ಗೊಬ್ಬರದ ತಯಾರಕರಾಗಿದ್ದರೆಂಬುದನ್ನು ಓದುಗರು ಗಮನಿಸಬೇಕು. ಗೊಬ್ಬರ ಮಾರುವವನೇ ಗೊಬ್ಬರವಿಲ್ಲದ ಪಟ್ಟಿಯನ್ನು ಕಾಪಾಡಿದ. ನಮ್ಮ ಔಷಧಿ ಅಂಗಡಿಗಳಲ್ಲಿ ಅಂಥದೊಂದು ಪಟ್ಟಿಯನ್ನು ತೋರಿಸಿ ಮಾರುವವರನ್ನು ನಾನಿನ್ನೂ ಕಂಡಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಾವು ಉಣ್ಣುವ ರಾಗಿಯ ಕಥೆಯೂ ಇದೇ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ, ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದವರು ನಮ್ಮ ನಾಡಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಜಾತಿ. ಅಂಥದರಲ್ಲಿ ಬೆರಕೆ ಮಾಡುವುದು ವರ್ಷಗಟ್ಟಲೆ ತಾಳ್ಮೆಯ ಕೆಲಸ. ಬೆರಕೆ ಆದಮೇಲೂ ಕೆಲಸ ಮುಗಿಯದು. ಹೊಸ ತಳಿಯನ್ನು ಪರೀಕ್ಷಿಸುವಾಗ ರೈತರು ಆಗಲೇ ಬೆಳೆಯುತ್ತಿರುವ ಹಳೆಯ ತಳಿಯನ್ನೂ ಅದೇ ಮಣ್ಣಿನಲ್ಲಿ, ಅದೇ ದಿನ ಪಕ್ಕದಲ್ಲೇ ಬಿತ್ತಿ, ಎರಡನ್ನೂ ತೂಗುತ್ತಾರೆ. ಹಳೆಯದನ್ನು ಸೋಲಿಸಿದರೆ ಮಾತ್ರ ಹೊಸದಕ್ಕೆ ಹೆಸರು.

ಇದನ್ನು ನಮ್ಮ ಬೆಟ್ಟದ ಹೊಲದಲ್ಲಿ ಮಾಡುವುದು ಹೇಗೆ? ಬಿಡುವ ಸಾಲು ಬೇಲಿಯ ಅಂಚಿನಲ್ಲಿರಬಾರದು. ಅಂಚಿನ ಗಿಡಕ್ಕೆ ಗಾಳಿ ಬೆಳಕು ಹೆಚ್ಚು. ಮೇಲಾಗಿ ಹಂದಿ, ಆನೆ ಮೊದಲು ತಿನ್ನುವುದು ಅಂಚನ್ನೇ. ಇಳಿಜಾರಾದರೆ ಮೇಲೊಂದು ಕಡೆ, ಕೆಳಗೊಂದು ಕಡೆ ಬಿಡಬೇಕು. ನೀರು, ಗೋಡು ಎರಡೂ ಕೆಳಕ್ಕೆ ಹರಿದು ಸೇರುವುದರಿಂದ ಕೆಳಗಿನ ಸಾಲು ತಾನಾಗಿಯೇ ಕೊಬ್ಬುತ್ತದೆ. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಟಾನಿಕ್ಕು, ಹೊಸ ಬೀಜ, ಹೆಚ್ಚಿನ ಯೂರಿಯಾ ಮೂರನ್ನೂ ಒಟ್ಟಿಗೆ ಹಾಕಿದರೆ ಯಾವುದು ಫಲಿಸಿತೆಂದು ದೇವರಿಗೇ ಗೊತ್ತು. ಕಟಾವಿನಲ್ಲಿ ಕಣ್ಣಳತೆ ಬೇಡ, ತಕ್ಕಡಿ ಬೇಕು.

ಇಷ್ಟು ಮಾಡಿದರೂ ಎರಡು ಸಾಲುಗಳ ನಡುವೆ ಕಾಣುವ ವ್ಯತ್ಯಾಸ ಬರಿಯ ಆಕಸ್ಮಿಕವಿರಬಹುದಲ್ಲ ಎಂದು ಬುದ್ಧಿವಂತ ಮಗು ಕೇಳೀತು. ಈ ಪ್ರಶ್ನೆಯನ್ನೇ ಎದುರಿಸಿದವರು ಡಬ್ಲಿನ್ ನಗರದ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯ ನೌಕರ ವಿಲಿಯಂ ಗಾಸೆಟ್. ಕೆಲವೇ ಕೆಲವು ಮಾದರಿಗಳಿಂದ ಎಷ್ಟನ್ನು ನಂಬಬಹುದೆಂಬ ಲೆಕ್ಕವನ್ನು ಅವರು 1908ರಲ್ಲಿ ಪ್ರಕಟಿಸಿದರು, ಅದೂ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ. ಆ ಗಣಿತ ನಮಗೆ ಈಗಲೇ ಬೇಡ. ಒಂದು ಸಾಲಿಗಿಂತ ನಾಲ್ಕು ಸಾಲು ಮೇಲು, ಒಂದು ಬೆಳೆಗಿಂತ ಎರಡು ಬೆಳೆ ಮೇಲು ಎಂದಿಟ್ಟುಕೊಂಡರೆ ಸಾಕು. ಕಿರಾಣಿ ಅಂಗಡಿಯವರಿಗೂ ಇದು ಸಲ್ಲುತ್ತದೆ: ಹಬ್ಬದ ವಾರದಲ್ಲಿ ರಿಯಾಯಿತಿ ಕೊಟ್ಟು ವ್ಯಾಪಾರ ಹೆಚ್ಚಿತೆಂದು ಹಿಗ್ಗುವ ಮುನ್ನ, ರಿಯಾಯಿತಿಯಿಲ್ಲದ ಹಿಂದಿನ ಹಬ್ಬದ ಲೆಕ್ಕವನ್ನು ತೆರೆದು ನೋಡಬೇಕು.

ನಷ್ಟದ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಸಾಲ ಮಾಡಿ ನಾಟಿ ಹಾಕಿದವರಿಗೆ ನಾಲ್ಕು ಸಾಲು ಕೂಡ ನಾಲ್ಕು ಸಾಲೇ. ಆದರೆ ಟಾನಿಕ್ ನಿಷ್ಪ್ರಯೋಜಕವಾಗಿದ್ದರೆ ಆ ನಾಲ್ಕು ಸಾಲುಗಳಲ್ಲಿ ನಷ್ಟವೇನೂ ಇಲ್ಲ. ಉಳಿದೆಲ್ಲ ಸಾಲುಗಳಲ್ಲಿ ನಷ್ಟ.

ಆ ರೈತರು ಈ ವರ್ಷ ಮತ್ತೆ ಕೋಸು ಹಾಕಿದ್ದಾರೆ. ಬೇರೊಂದು ಕಂಪನಿಯ ಟಾನಿಕ್ ತಂದು, ಗೊಣಗುತ್ತಲೇ, ಮೇಲೆ ಎರಡು, ಕೆಳಗೆ ಎರಡು ಸಾಲು ಬಿಟ್ಟಿದ್ದಾರೆ. ಲೆಕ್ಕ ಬರೆಯುವ ಹೊಣೆ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿರುವ ಮಗಳದು. ನಾಟಿಯ ದಿನ, ಮಳೆ ಬಿದ್ದ ದಿನಗಳು, ಔಷಧಿಯ ಬೆಲೆ, ಆಳುಗಳ ಕೂಲಿ ಎಲ್ಲವೂ ಅವಳ ನೋಟ್‌ಬುಕ್ಕಿನಲ್ಲಿವೆ. ಕಳೆದ ವಾರ ಫೋನಿನಲ್ಲಿ ವಿಚಾರಿಸಿದಾಗ, ಮೇಲಿನ ಎರಡು ಸಾಲು ಸ್ವಲ್ಪ ಸಣ್ಣಗಿವೆ, ಕೆಳಗಿನವು ಉಳಿದವುಗಳ ಹಾಗೆಯೇ ಇವೆ ಎಂದಳು. ಹಾಗಾದರೆ ಟಾನಿಕ್ ಒಳ್ಳೆಯದೋ ಅಲ್ಲವೋ ಎಂದು ಕೇಳಿದೆ. “ಇನ್ನೂ ತೂಗಿಲ್ಲ ಅಂಕಲ್” ಎಂದಳು.