ಹೆಪಟೈಟಿಸ್ ಸಿ: ಒಬ್ಬರಿಗೆ ತಾನಾಗಿ ವಾಸಿ, ಇನ್ನೊಬ್ಬರಿಗೆ ಏಕಿಲ್ಲ?



“ಅವರಿಗೂ ಇದೇ ಸೋಂಕು ಇತ್ತಂತೆ, ಔಷಧಿಯಿಲ್ಲದೆ ಹೋಯಿತಂತೆ. ನಮಗೇಕೆ ಹೋಗಲಿಲ್ಲ?” ಎಂದು ಹಲವರು ಕೇಳುತ್ತಾರೆ. ಇದು ಯಾರ ಪಾಪದ ಫಲವೂ ಅಲ್ಲ, ಪಥ್ಯ ತಪ್ಪಿದ್ದರಿಂದ ಆದದ್ದೂ ಅಲ್ಲ. ತಂದೆತಾಯಿಯರಿಂದ ಬಂದ ವಂಶವಾಹಿಗಳು ಇದಕ್ಕೆ ಒಂದು ಮುಖ್ಯ ಕಾರಣ.

ಐರ್ಲೆಂಡಿನ ಉದಾಹರಣೆ

1977-78ರಲ್ಲಿ ಐರ್ಲೆಂಡ್ ದೇಶದಲ್ಲಿ ಹೆರಿಗೆಯ ಸಂದರ್ಭದಲ್ಲಿ ಕೊಡುವ ಆಂಟಿ-ಡಿ ಚುಚ್ಚುಮದ್ದಿನಲ್ಲಿ ಈ ವೈರಾಣು ಸೇರಿಹೋಗಿತ್ತು. 1994ರ ನಂತರ ತಪಾಸಣೆ ನಡೆಯಿತು. ಸೋಂಕು ತಗುಲಿದ ಗುರುತಿದ್ದ 704 ಮಹಿಳೆಯರಲ್ಲಿ 390 ಮಂದಿಯ ರಕ್ತದಲ್ಲಿ ವೈರಾಣು ಕಂಡುಬಂತು, ಉಳಿದವರಲ್ಲಿ ಕಾಣಲಿಲ್ಲ. ವೈರಾಣು ಒಂದೇ ಮೂಲದ್ದು. ಅದನ್ನು ಎದುರಿಸಿದ ದೇಹಗಳು ಬೇರೆ ಬೇರೆ.

ದೇಹದೊಳಗೆ ಏನಾಗುತ್ತದೆ?

ಸೋಂಕು ತಗುಲಿದ ಜೀವಕೋಶವು ವೈರಾಣುವಿನ ಚೂರುಗಳನ್ನು ತನ್ನ ಹೊರಮೈಯಲ್ಲಿ ಎತ್ತಿ ತೋರಿಸುತ್ತದೆ. ಇದನ್ನು ಮಾಡುವುದು ಎಚ್‌ಎಲ್‌ಎ ಎಂಬ ವಂಶವಾಹಿಗಳು. ಇದನ್ನು ಕಂಡು ರಕ್ಷಕ ಬಿಳಿ ರಕ್ತಕಣಗಳು ದಾಳಿ ಮಾಡುತ್ತವೆ. ಎಚ್‌ಎಲ್‌ಎ-ಬಿ27 ಎಂಬ ಬಗೆ ಇರುವವರಲ್ಲಿ ಸೋಂಕು ತಾನಾಗಿ ಹೋಗುವುದು ಹೆಚ್ಚು. ಐರ್ಲೆಂಡಿನ ಮಹಿಳೆಯರಲ್ಲೂ ಇದು ಕಂಡಿತು. ಐಎಲ್28ಬಿ ಎಂಬ ವಂಶವಾಹಿಯ ಬಳಿಯ ಸಣ್ಣ ವ್ಯತ್ಯಾಸವೂ ಹೀಗೆಯೇ ನೆರವಾಗುತ್ತದೆಂದು 2009ರಲ್ಲಿ ತಿಳಿಯಿತು. ಹಿಂದಿನ ಇಂಟರ್‌ಫೆರಾನ್ ಚುಚ್ಚುಮದ್ದು ಫಲಿಸುವುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿತ್ತು.

ಈಗ ಚಿಂತೆ ಬೇಡ

ಇಂದಿನ ಮಾತ್ರೆಗಳು ನೇರವಾಗಿ ವೈರಾಣುವನ್ನೇ ತಡೆಯುತ್ತವೆ. ವಂಶವಾಹಿ ಯಾವುದೇ ಇರಲಿ, ಸಾಮಾನ್ಯವಾಗಿ 12 ವಾರಗಳ ಚಿಕಿತ್ಸೆಯಲ್ಲಿ 100ಕ್ಕೆ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ವಂಶವಾಹಿ ಪರೀಕ್ಷೆಗೆ ಹಣ ಖರ್ಚು ಮಾಡಬೇಕಿಲ್ಲ.

ನೆನಪಿಡಿ

* ಆಂಟಿಬಾಡಿ ಪರೀಕ್ಷೆ ‘ಪಾಸಿಟಿವ್’ ಬಂದರೆ ಸೋಂಕು ಎಂದೋ ತಗುಲಿತ್ತು ಎಂದಷ್ಟೇ ಅರ್ಥ. ವೈರಾಣು ಈಗಲೂ ಇದೆಯೇ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆ ಮಾಡಿಸಿ.
* ವೈರಾಣು ಇದ್ದರೆ ತಾನಾಗಿ ಹೋದೀತೆಂದು ಕಾಯಬೇಡಿ. ನೋವಿಲ್ಲದೆಯೇ ವರ್ಷಗಟ್ಟಲೆ ಲಿವರ್ ಹಾಳಾಗಿ ಸಿರೋಸಿಸ್, ಕ್ಯಾನ್ಸರ್ ಆಗಬಹುದು.
* ಮಾತ್ರೆ ಆರಂಭಿಸುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಲಿ. ನಡುವೆ ಮಾತ್ರೆ ಬಿಡಬೇಡಿ.
* ಒಮ್ಮೆ ವಾಸಿಯಾದವರಿಗೂ ಮತ್ತೆ ಸೋಂಕು ತಗುಲಬಹುದು. ಇದಕ್ಕೆ ಲಸಿಕೆ ಇಲ್ಲ. ಬ್ಲೇಡು, ಸೂಜಿ, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳಬೇಡಿ.
* ಜೊತೆಗೆ ಕುಳಿತು ಪ್ರಸಾದ ಸ್ವೀಕರಿಸುವುದರಿಂದ, ಮುಟ್ಟುವುದರಿಂದ ಇದು ಹರಡದು. ರೋಗಿಯನ್ನು ಪಂಕ್ತಿಯಿಂದ ದೂರವಿಡಬೇಡಿ.
* 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಉಚಿತ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಸಂದೇಹವಿದ್ದರೆ ಸಂಕೋಚಪಡದೆ ವಾರ್ಡಿನ ಸಿಸ್ಟರ್ ಅವರನ್ನು ಕೇಳಿ.