ಹಡಗಿನ ಸ್ಥಾನಸೂಚಕ ಯಂತ್ರದ ದೋಷಪರೀಕ್ಷೆ: ಸಾಕ್ಷ್ಯವಿಮರ್ಶೆಯ ಒಂದು ನಿದರ್ಶನ

ಇತಿಹಾಸ ವಿಭಾಗದ ವಾರ್ಷಿಕ ಸಂಶೋಧನ ಸಂಚಿಕೆಯಲ್ಲಿ ಹಡಗಿನ ಯಂತ್ರವೊಂದರ ದೋಷದ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಆದರೆ ಶಾಸನವನ್ನೋ ಕಡತವನ್ನೋ ಮುಂದಿಟ್ಟುಕೊಂಡು, ಇದನ್ನು ಬರೆದವನು ತಾನು ಕಂಡುದನ್ನು ಬರೆದನೆ, ಕೇಳಿದುದನ್ನು ಬರೆದನೆ, ಊಹಿಸಿದುದನ್ನು ಬರೆದನೆ ಎಂದು ವಿಚಾರಿಸುವುದು ನಮ್ಮ ವೃತ್ತಿ. ಕಡಲಿನ ನಡುವೆ ನಾವಿಕನು ತನ್ನ ಜಿ.ಪಿ.ಎಸ್. ಯಂತ್ರವನ್ನು ಕುರಿತು ಕೇಳಬೇಕಾದ ಪ್ರಶ್ನೆಯೂ ಇದೇ ಆಗಿದೆ. ಅದನ್ನು ಕೇಳದೆ ಹೋದುದರಿಂದ ೧೯೯೫ರಲ್ಲಿ ಒಂದೂವರೆ ಸಾವಿರ ಜನರಿದ್ದ ಹಡಗೊಂದು ಮರಳದಿಬ್ಬವನ್ನೇರಿ ನಿಂತಿತು. ಆ ಘಟನೆಯನ್ನೂ, ಹಳೆಯ ದೋಣಿಗಳಲ್ಲಿ ಈ ಯಂತ್ರವು ತಪ್ಪುವ ಬಗೆಗಳನ್ನೂ ವಿವರಿಸಿ, ಅವುಗಳಿಂದ ನಮ್ಮ ಅಧ್ಯಯನಕ್ಕೆ ದೊರೆಯುವ ಪಾಠವನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಯಂತ್ರದ ಸ್ವರೂಪ

ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಕೃತಕ ಉಪಗ್ರಹಗಳು ತಮ್ಮ ಸ್ಥಾನವನ್ನೂ ವೇಳೆಯನ್ನೂ ರೇಡಿಯೊ ಅಲೆಗಳ ಮೂಲಕ ಸದಾ ಸಾರುತ್ತಿರುತ್ತವೆ. ಹಡಗಿನ ಮೇಲಿರುವ ಗ್ರಾಹಕವು ಈ ಅಲೆಗಳು ಹೊರಟ ವೇಳೆಗೂ ತನ್ನನ್ನು ಮುಟ್ಟಿದ ವೇಳೆಗೂ ಇರುವ ಅಂತರದಿಂದ ಪ್ರತಿಯೊಂದು ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ಇವುಗಳ ಜೊತೆಗೆ ತನ್ನ ಗಡಿಯಾರದ ತಪ್ಪು, ಹೀಗೆ ಅದು ತಿಳಿಯಬೇಕಾದ ಅಂಶಗಳು ನಾಲ್ಕು. ಆದುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಅದಕ್ಕೆ ಕಾಣಿಸಬೇಕು. ವೇಳೆಯಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ ಸುಮಾರು ೩೦೦ ಮೀಟರ್ ತಪ್ಪುತ್ತದೆ.

ಇಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿಯೆಂದರೆ ಈ ಅಲೆಗಳ ದೌರ್ಬಲ್ಯ. ನೆಲವನ್ನು ಮುಟ್ಟುವ ವೇಳೆಗೆ ಅವುಗಳ ಶಕ್ತಿ ಒಂದು ವಾಟನ್ನು ಹತ್ತು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿನಷ್ಟು ಮಾತ್ರ. ಕಬ್ಬಿಣದ ಕಂಬವೊಂದು ಅಡ್ಡ ಬಂದರೂ, ಕೇಬಲಿನ ಕೂಡುಗೆಯೊಳಗೆ ಉಪ್ಪುನೀರಿನ ಪಸೆ ಸೇರಿದರೂ, ಪಕ್ಕದ ಇನ್ನೊಂದು ಸಾಧನವು ಸ್ವಲ್ಪ ಗದ್ದಲ ಮಾಡಿದರೂ ಗ್ರಾಹಕಕ್ಕೆ ಏನೂ ಕೇಳಿಸದೆ ಹೋಗಬಹುದು. ಆಗ ಅದು ಸುಮ್ಮನಾದರೆ ಅಪಾಯವು ಅಷ್ಟು ದೊಡ್ಡದಲ್ಲ, ನಾವಿಕನು ಎಚ್ಚರಗೊಳ್ಳುತ್ತಾನೆ. ಕೇಳಿಸದಿದ್ದರೂ ಹೇಳುವುದನ್ನು ಮುಂದುವರಿಸಿದರೆ ಮಾತ್ರ ಅಪಾಯವು ಮಿತಿಮೀರುತ್ತದೆ.

ಒಂದು ನಿದರ್ಶನ

೧೯೯೫ರ ಜೂನ್ ೯ರಂದು ಮಧ್ಯಾಹ್ನ 'ರಾಯಲ್ ಮೆಜೆಸ್ಟಿ' ಎಂಬ ಪ್ರಯಾಣಿಕರ ಹಡಗು ಬರ್ಮುಡಾ ದ್ವೀಪದ ಸೇಂಟ್ ಜಾರ್ಜಸ್ ಬಂದರಿನಿಂದ ಅಮೆರಿಕದ ಬಾಸ್ಟನ್ ನಗರಕ್ಕೆ ಹೊರಟಿತು. ಹಡಗು ಹಳೆಯದೇನೂ ಆಗಿರಲಿಲ್ಲ; ಅದರ ಉಪಕರಣಗಳು ಆ ಕಾಲಕ್ಕೆ ಉತ್ತಮವಾದುವೇ. ಆದರೆ ಹೊರಟ ಒಂದು ಗಂಟೆಯೊಳಗೆ ಅದಕ್ಕೊದಗಿದ ದೋಷವು ಹಳೆಯ ದೋಣಿಗಳಲ್ಲಿ ಅತಿ ಸಾಮಾನ್ಯವಾದುದು: ಆಂಟೆನಾಕ್ಕೆ ಸೇರಿದ್ದ ಕೇಬಲ್ ಕಳಚಿಕೊಂಡಿತು. ಕೆಲವು ತಿಂಗಳ ಹಿಂದೆ ಆಂಟೆನಾವನ್ನು ಬೇರೆಡೆಗೆ ಸರಿಸಿದ್ದರು. ಕೇಬಲ್ ಯಾವ ರಕ್ಷಣೆಯೂ ಇಲ್ಲದೆ ಬಯಲಿನಲ್ಲಿಯೇ ಹಾದುಹೋಗಿತ್ತು.

ಯಂತ್ರವು ಸುಮ್ಮನಾಗಲಿಲ್ಲ. ಉಪಗ್ರಹಗಳು ಕಾಣದಾದಾಗ ಅದು ತಾನಾಗಿಯೇ 'ಡೆಡ್ ರೆಕನಿಂಗ್' ಎಂಬ ಹಳೆಯ ಕ್ರಮಕ್ಕೆ ತಿರುಗಿಕೊಂಡಿತು. ಕೊನೆಗೆ ಗೊತ್ತಿದ್ದ ಸ್ಥಾನದಿಂದ ಹಿಡಿದು, ಹಡಗಿನ ಮೂತಿ ತಿರುಗಿರುವ ದಿಕ್ಕನ್ನೂ ನೀರಿನಲ್ಲಿ ಅದರ ವೇಗವನ್ನೂ ಕೂಡಿಸಿ ಈಗ ಎಲ್ಲಿರಬಹುದೆಂದು ಲೆಕ್ಕ ಹಾಕುವುದೇ ಈ ಕ್ರಮ. ಗಾಳಿಯೂ ಪ್ರವಾಹವೂ ಹಡಗನ್ನು ಪಕ್ಕಕ್ಕೆ ತಳ್ಳುವುದು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಯಂತ್ರವು ತನ್ನ ಅಸಹಾಯಕತೆಯನ್ನು ಮುಚ್ಚಿಡಲಿಲ್ಲವೆಂಬುದನ್ನೂ ಹೇಳಬೇಕು. ಕೈಗಡಿಯಾರದ ಎಚ್ಚರಿಕೆಯಂತಹ ಸಣ್ಣ ಸದ್ದನ್ನು ಸುಮಾರು ಒಂದು ಸೆಕೆಂಡಿನ ಕಾಲ ಮಾಡಿತು. ಪರದೆಯ ಮೇಲೆ 'ಡಿ.ಆರ್.' ಎಂಬ ಎರಡು ಸಣ್ಣ ಅಕ್ಷರಗಳನ್ನು ತೋರಿಸಿತು. ಸದ್ದನ್ನು ಯಾರೂ ಗಮನಿಸಲಿಲ್ಲ. ಅಕ್ಷರಗಳು ಮುಂದಿನ ಮೂವತ್ತನಾಲ್ಕು ಗಂಟೆಗಳ ಕಾಲ ಅಲ್ಲಿಯೇ ಇದ್ದುವು. ಅಧಿಕಾರಿಗಳು ಗಂಟೆಗೊಮ್ಮೆ ಅದೇ ಪರದೆಯಿಂದ ಅಂಕೆಗಳನ್ನು ತೆಗೆದು ನಕ್ಷೆಯಲ್ಲಿ ಗುರುತು ಹಾಕುತ್ತಿದ್ದರು. ಹಡಗನ್ನು ತಾನಾಗಿ ನಡೆಸುತ್ತಿದ್ದ ಸಾಧನವೂ ಆ ಅಂಕೆಗಳನ್ನೇ ನಂಬಿ ನಡೆಯಿತು. ಗಾಳಿಯು ಹಡಗನ್ನು ಮೆಲ್ಲಮೆಲ್ಲನೆ ಪಶ್ಚಿಮಕ್ಕೆ ತಳ್ಳಿತು.

ಜೂನ್ ೧೦ರ ಸಂಜೆ ಮೊದಲನೆಯ ಬೋಯಾ ಕಾಣಬೇಕಾದ ಹೊತ್ತಿಗೆ ರೇಡಾರಿನಲ್ಲಿ ಏನೋ ಒಂದು ಕಾಣಿಸಿತು. ಬಿಸಿಲಿನ ಥಳಕಿನಿಂದಾಗಿ ಅದನ್ನು ಕಣ್ಣಾರೆ ನೋಡಲಾಗಲಿಲ್ಲ. ನಿರೀಕ್ಷಿಸಿದ ವೇಳೆಗೆ ನಿರೀಕ್ಷಿಸಿದ ಸ್ಥಳದಲ್ಲಿ ಕಂಡುದರಿಂದ ಅದೇ ಇದು ಎಂದು ಅಧಿಕಾರಿಯು ಭಾವಿಸಿದನು. ಅದು ಬೇರೊಂದು ಬೋಯಾ ಆಗಿತ್ತು. ಎರಡನೆಯದು ಕಾಣಲೇ ಇಲ್ಲ. ಆದರೂ ಕಪ್ತಾನನು ಕೇಳಿದಾಗ, ಆಗ ಪಾಳಿಯಲ್ಲಿದ್ದ ಅಧಿಕಾರಿಯು ಕಂಡಿತೆಂದೇ ಹೇಳಿದನು. ಕಾವಲಿನವರು ಕೆಂಪು ದೀಪಗಳನ್ನೂ ಮುಂದೆ ನೀಲಿ ಬಿಳಿ ಬಣ್ಣದ ನೀರನ್ನೂ ಕಂಡು ತಿಳಿಸಿದರು. ಯಾರೂ ಅದರ ಅರ್ಥವನ್ನು ವಿಚಾರಿಸಲಿಲ್ಲ. ರಾತ್ರಿ ೧೦ ಗಂಟೆ ೨೫ ನಿಮಿಷಕ್ಕೆ, ತಾನಿರುವೆನೆಂದು ತಿಳಿದಿದ್ದ ಸ್ಥಳದಿಂದ ಸುಮಾರು ೧೭ ಮೈಲಿ ದೂರದಲ್ಲಿ, ನ್ಯಾಂಟಕೆಟ್ ದ್ವೀಪದ ಪೂರ್ವಕ್ಕಿರುವ ಮರಳದಿಬ್ಬದ ಮೇಲೆ ಹಡಗು ನೆಲಕಚ್ಚಿತು. ಅದರಲ್ಲಿದ್ದವರು ೧,೫೦೯ ಮಂದಿ. ತಳವು ಬಂಡೆಗೆ ತಾಗದೆ ಮರಳಿಗೆ ತಾಗಿದುದರಿಂದಲೂ, ಕಡಲು ಉಗ್ರವಾಗಿಲ್ಲದುದರಿಂದಲೂ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ೧೯೯೭ರಲ್ಲಿ ವಿಚಾರಣೆಯ ವರದಿಯನ್ನು ಕೊಟ್ಟು, ಅಧಿಕಾರಿಗಳು ಸ್ವಯಂಚಾಲಿತ ಸಾಧನಗಳನ್ನು ಅತಿಯಾಗಿ ನೆಚ್ಚಿದುದನ್ನು ಮುಖ್ಯ ಕಾರಣಗಳಲ್ಲಿ ಸೇರಿಸಿತು.

ಪರೀಕ್ಷೆಯ ಕ್ರಮ

ಹಳೆಯ ದೋಣಿಯ ಗ್ರಾಹಕವು ಆಗಾಗ ತಪ್ಪುತ್ತಿದ್ದರೆ ಅದನ್ನು ಪರೀಕ್ಷಿಸುವ ಕ್ರಮವು ಈ ಘಟನೆಯಿಂದಲೇ ಹೊರಡುತ್ತದೆ. ಮೊದಲನೆಯದಾಗಿ, ಸ್ಥಾನದ ಅಂಕೆಗಳನ್ನು ಬದಿಗಿಟ್ಟು ಯಂತ್ರವು ತನ್ನನ್ನು ಕುರಿತು ಏನು ಹೇಳುತ್ತದೆಂಬುದನ್ನು ಓದಬೇಕು. ಎಷ್ಟು ಉಪಗ್ರಹಗಳು ಕಾಣುತ್ತಿವೆ, ಒಂದೊಂದರ ಅಲೆಯೂ ಎಷ್ಟು ಬಲವಾಗಿದೆ, ಈಗ ತೋರುತ್ತಿರುವುದು ಕಂಡ ಸ್ಥಾನವೋ ಲೆಕ್ಕದ ಸ್ಥಾನವೋ ಎಂಬುದನ್ನು ತೋರಿಸುವ ಪುಟವು ಬಹುಮಟ್ಟಿಗೆ ಎಲ್ಲ ಗ್ರಾಹಕಗಳಲ್ಲಿಯೂ ಉಂಟು. ಎಲ್ಲ ಉಪಗ್ರಹಗಳ ಅಲೆಗಳೂ ಒಟ್ಟಿಗೆ ಕ್ಷೀಣಿಸಿದ್ದರೆ ಕೇಬಲ್, ಆಂಟೆನಾ ಅಥವಾ ಹೊರಗಿನ ಗದ್ದಲವನ್ನು ಶಂಕಿಸಬೇಕು. ಒಂದು ಕಡೆಯವು ಮಾತ್ರ ಕಾಣದಿದ್ದರೆ ಕೂವೆಯೋ ಛಾವಣಿಯೋ ಆಕಾಶಕ್ಕೆ ಅಡ್ಡವಾಗಿದೆಯೆಂದು ತಿಳಿಯಬೇಕು.

ಎರಡನೆಯದಾಗಿ, ದೋಷವು ಯಾವಾಗ ಬರುತ್ತದೆಂಬುದನ್ನು ಕೆಲವು ದಿನ ಬರೆದಿಡಬೇಕು. ಎಂಜಿನ್ನನ್ನು ನಡೆಸಿದಾಗಲೆ, ರೇಡಿಯೊದಲ್ಲಿ ಮಾತನಾಡಿದಾಗಲೆ, ದೋಣಿ ಒಂದು ದಿಕ್ಕಿಗೆ ತಿರುಗಿದಾಗಲೆ, ಮಳೆ ಬಂದ ಮಾರನೆಯ ದಿನವೆ? ಅನಂತರ ಉಳಿದ ಉಪಕರಣಗಳನ್ನೆಲ್ಲ ಆರಿಸಿ, ಒಂದೊಂದನ್ನಾಗಿ ಹಚ್ಚುತ್ತ ಬಂದರೆ ತೊಂದರೆ ಕೊಡುವುದು ಯಾವುದೆಂದು ಹೊರಪಡುತ್ತದೆ. ದೋಷವು ತನ್ನ ದೋಣಿಯಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. ೨೦೦೧ರಲ್ಲಿ ಕ್ಯಾಲಿಫೋರ್ನಿಯದ ಮಾಸ್ ಲ್ಯಾಂಡಿಂಗ್ ಎಂಬ ಬಂದರಿನಲ್ಲಿ ಜಿ.ಪಿ.ಎಸ್. ಗ್ರಾಹಕಗಳು ನಿಷ್ಪ್ರಯೋಜಕವಾದುವು. ತಿಂಗಳುಗಟ್ಟಲೆ ಹುಡುಕಿದ ಮೇಲೆ ಸಿಕ್ಕ ಅಪರಾಧಿಗಳೆಂದರೆ, ಒಳಗೆ ಶಕ್ತಿವರ್ಧಕವಿದ್ದ ಸಾಧಾರಣವಾದ ಟೆಲಿವಿಷನ್ ಆಂಟೆನಾಗಳು. ಅಲೆಗಳನ್ನು ಬರಮಾಡಿಕೊಳ್ಳಬೇಕಾದ ಅವು, ಕೆಟ್ಟು, ತಾವೇ ಅಲೆಗಳನ್ನು ಹೊರಸೂಸುತ್ತಿದ್ದುವು.

ಮೂರನೆಯದಾಗಿ, ಕೇಬಲಿನ ಇಡೀ ದಾರಿಯನ್ನು ಕೈಯಿಂದ ಮುಟ್ಟಿ ನೋಡುತ್ತ ಹೋಗಬೇಕು. ಕೂಡುಗೆಯನ್ನು ಬಿಚ್ಚಿದಾಗ ತಾಮ್ರವು ಹಸಿರುಗಟ್ಟಿದ್ದರೆ ಉಪ್ಪುನೀರು ಒಳಹೊಕ್ಕಿದೆಯೆಂದೇ ಅರ್ಥ. ಅಂತಹ ತುಂಡನ್ನು ಒರಸಿ ಮತ್ತೆ ಜೋಡಿಸುವುದಕ್ಕಿಂತ ಕತ್ತರಿಸಿ ಹೊಸದನ್ನು ಹಾಕುವುದು ಲೇಸು. ಹೆಚ್ಚಿನ ಆಂಟೆನಾಗಳಿಗೆ ಗ್ರಾಹಕದಿಂದಲೇ ಅದೇ ಕೇಬಲಿನ ಮೂಲಕ ವಿದ್ಯುತ್ತು ಹೋಗುತ್ತದೆ. ಎಷ್ಟು ವೋಲ್ಟ್ ಇರಬೇಕೆಂಬುದು ಕೈಪಿಡಿಯಲ್ಲಿರುತ್ತದೆ. ಹಲವುಗಳಲ್ಲಿ ಅದು ೫ ವೋಲ್ಟ್. ಆಂಟೆನಾದ ತುದಿಯಲ್ಲಿ ಮಲ್ಟಿಮೀಟರಿನಿಂದ ಅಳೆದು, ಅಲ್ಲಿ ವೋಲ್ಟ್ ಬಾರದಿದ್ದರೆ ಕೇಬಲನ್ನೂ, ಬಂದರೂ ಉಪಗ್ರಹಗಳು ಕಾಣದಿದ್ದರೆ ಆಂಟೆನಾವನ್ನೂ ಶಂಕಿಸಬೇಕು. ಸುಸ್ಥಿತಿಯಲ್ಲಿದೆಯೆಂದು ಗೊತ್ತಿರುವ ಬೇರೊಂದು ಆಂಟೆನಾವನ್ನು ಸ್ವಲ್ಪ ಹೊತ್ತು ಜೋಡಿಸಿ ನೋಡಿದರೆ ಸಂದೇಹವು ಪೂರ್ತಿಯಾಗಿ ಪರಿಹಾರವಾಗುತ್ತದೆ.

ನಾಲ್ಕನೆಯದು ತಾಳ್ಮೆಯ ಮಾತು. ಹಳೆಯ ಗ್ರಾಹಕದೊಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ, ಯಾವ ಉಪಗ್ರಹವು ಎಲ್ಲಿದೆಯೆಂಬ ಪಂಚಾಂಗವನ್ನು ಅದು ಪ್ರತಿಸಲವೂ ಮರೆಯುತ್ತದೆ. ಆ ಪಂಚಾಂಗವನ್ನು ಆಕಾಶದಿಂದ ಪೂರ್ತಿಯಾಗಿ ಪಡೆಯಲು ಹನ್ನೆರಡೂವರೆ ನಿಮಿಷ ಬೇಕು. ಐದು ನಿಮಿಷ ನೋಡಿ ಯಂತ್ರವು ಕೆಟ್ಟಿತೆನ್ನುವುದು ಅನ್ಯಾಯವಾದೀತು.

ಕಾಲ ಮತ್ತು ಅಳತೆ

ಇನ್ನೆರಡು ದೋಷಗಳು ಇತಿಹಾಸದ ವಿದ್ಯಾರ್ಥಿಗೆ ಕೂಡಲೆ ಅರ್ಥವಾಗುವಂಥವು. ಜಿ.ಪಿ.ಎಸ್. ಕಾಲಗಣನೆಯು ೧೯೮೦ರ ಜನವರಿ ೬ರಿಂದ ಆರಂಭವಾಗಿ ವಾರಗಳ ಲೆಕ್ಕದಲ್ಲಿ ನಡೆಯುತ್ತದೆ. ಮೂಲ ಸಂಕೇತದಲ್ಲಿ ಈ ಲೆಕ್ಕಕ್ಕೆ ಮೀಸಲಾದ ಜಾಗವು ಚಿಕ್ಕದು. ೧,೦೨೪ ವಾರಗಳು, ಎಂದರೆ ಸುಮಾರು ಹತ್ತೊಂಬತ್ತೂವರೆ ವರ್ಷಗಳು, ಕಳೆದೊಡನೆ ಎಣಿಕೆಯು ಸೊನ್ನೆಗೆ ಮರಳುತ್ತದೆ. ಹೀಗೆ ೧೯೯೯ರ ಆಗಸ್ಟಿನಲ್ಲಿಯೂ ೨೦೧೯ರ ಏಪ್ರಿಲಿನಲ್ಲಿಯೂ ಆಯಿತು. ನಮ್ಮ ಶಾಸನಗಳ ಸಂವತ್ಸರ ಚಕ್ರವನ್ನು ಬಲ್ಲವರಿಗೆ ಇದು ಹೊಸದಲ್ಲ. ಪ್ರಭವ ಸಂವತ್ಸರವೆಂದಷ್ಟೇ ಇದ್ದರೆ ಅದು ೧೯೨೭ರದೋ ೧೯೮೭ರದೋ ಹೇಳಲಾಗದು. ಶಕವರ್ಷವೋ ಅರಸನ ಹೆಸರೋ ಬೇಕು. ಹಳೆಯ ಗ್ರಾಹಕಕ್ಕೆ ಆ ಶಕವರ್ಷವಿಲ್ಲ. ಸ್ಥಾನವನ್ನು ಸರಿಯಾಗಿ ತೋರಿಸುತ್ತಲೇ ತಾರೀಖನ್ನು ಎರಡು ದಶಕಗಳಷ್ಟು ಹಿಂದಕ್ಕೆ ಹೇಳುವ ಯಂತ್ರದ ರೋಗವು ಬಹುಶಃ ಇದೇ. ತಯಾರಕರು ತಿದ್ದುಪಡಿಯನ್ನು ಕೊಡದಿದ್ದರೆ ಇದಕ್ಕೆ ಮದ್ದಿಲ್ಲ.

ಮತ್ತೊಂದು, ಅಳತೆಯ ಆಧಾರ. ಜಿ.ಪಿ.ಎಸ್. ತನ್ನ ಅಕ್ಷಾಂಶ ರೇಖಾಂಶಗಳನ್ನು ೧೯೮೪ರ ಜಾಗತಿಕ ಭೂಮಾನಕ್ಕೆ ಅನುಸಾರವಾಗಿ ಕೊಡುತ್ತದೆ. ಹಳೆಯ ಕಡಲನಕ್ಷೆಗಳು ಬೇರೆ ಬೇರೆ ಮೋಜಣಿಗಳನ್ನು ಆಧರಿಸಿದುವು. ಅದೇ ಅಂಕೆಗಳನ್ನು ಆ ನಕ್ಷೆಯ ಮೇಲೆ ಗುರುತು ಹಾಕಿದರೆ ನೂರಾರು ಮೀಟರ್ ವ್ಯತ್ಯಾಸ ಬರುವುದುಂಟು. ಶಾಸನದ ಮತ್ತರನ್ನು ಯಾವ ಕೋಲಿನಿಂದ ಅಳೆದರೆಂದು ತಿಳಿಯದೆ ದತ್ತಿಭೂಮಿಯ ವಿಸ್ತಾರವನ್ನು ಹೇಳಹೊರಟಂತೆಯೇ ಇದು. ಯಂತ್ರವೂ ಸರಿ, ನಕ್ಷೆಯೂ ಸರಿ. ಎರಡನ್ನು ಹೊಂದಿಸಿದ ನಮ್ಮ ಕ್ರಮವು ತಪ್ಪು.

ಸ್ವತಂತ್ರ ಸಾಕ್ಷ್ಯ

ಈಗ ಮತ್ತೆ ಆ ಹಡಗಿನ ಕಡೆಗೆ ಬರೋಣ. ಅಧಿಕಾರಿಗಳು ಏನನ್ನೂ ತಾಳೆ ನೋಡಲಿಲ್ಲವೆಂದು ತಿಳಿಯಬಾರದು. ನಕ್ಷೆಯ ಗುರುತನ್ನೂ ಸ್ವಯಂಚಾಲಿತ ಸಾಧನದ ಗುರುತನ್ನೂ ಅವರು ಹೋಲಿಸುತ್ತಿದ್ದರು, ಎರಡೂ ಹೊಂದುತ್ತಿದ್ದುವು. ಹೊಂದದೆ ಏನು ಮಾಡಿಯಾವು? ಎರಡಕ್ಕೂ ಮೂಲವು ಒಂದೇ. ಒಂದೇ ಮೂಲಪ್ರತಿಯಿಂದ ಇಳಿದ ಹತ್ತು ಓಲೆಗರಿಗಳು ಒಂದೇ ಪಾಠವನ್ನು ಹೇಳಿದರೆ ಅದು ಹತ್ತು ಸಾಕ್ಷ್ಯಗಳಾಗುವುದಿಲ್ಲವೆಂದು ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಕಲಿಸುತ್ತೇವೆ.

ನಿಜವಾದ ಎರಡನೆಯ ಸಾಕ್ಷಿಯೂ ಆ ಕೋಣೆಯಲ್ಲಿಯೇ ಇತ್ತು. ನೆಲದ ಮೇಲಿನ ಕೇಂದ್ರಗಳಿಂದ ಸ್ಥಾನವನ್ನು ತಿಳಿಸುವ ಲೋರಾನ್-ಸಿ ಎಂಬ ಯಂತ್ರವು, ಹಡಗು ಎಲ್ಲಿತ್ತೋ ಅಲ್ಲಿಯೇ ಇದೆಯೆಂದು ಉದ್ದಕ್ಕೂ ತೋರಿಸುತ್ತಿತ್ತು, ಅದನ್ನು ನೋಡಿದವರಿಲ್ಲ. ಅಮೆರಿಕದಲ್ಲಿ ಆ ವ್ಯವಸ್ಥೆಯು ೨೦೧೦ರಲ್ಲಿ ನಿಂತಿತು. ಆಳಮಾಪಕವೂ ಇತ್ತು, ಅದರ ಎಚ್ಚರಿಕೆಯನ್ನು ೩ ಮೀಟರಿಗೆ ಇಡುವುದರ ಬದಲು ಸೊನ್ನೆಗೆ ಇಟ್ಟಿದ್ದರು. ಇಂದಿನ ಹಳೆಯ ದೋಣಿಯವನಿಗೂ ದಿಕ್ಸೂಚಿ, ಆಳಮಾಪಕ, ದೀಪಸ್ತಂಭ, ತನ್ನ ಎರಡು ಕಣ್ಣು, ಇವು ಉಪಗ್ರಹದ ಹಂಗಿಲ್ಲದ ಸಾಕ್ಷಿಗಳು. ಯಂತ್ರವನ್ನು ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿಸಿದ್ದರೂ ಇವುಗಳನ್ನು ಕೇಳುವ ವಾಡಿಕೆಯನ್ನು ಅವನು ಬಿಡಕೂಡದು.

ಕಾಣದ ಬೋಯಾವನ್ನು ಕಂಡೆನೆಂದ ಅಧಿಕಾರಿಯನ್ನು ನಾವು ಸುಳ್ಳುಗಾರನೆಂದು ತಳ್ಳಿಹಾಕುವುದು ಸುಲಭ. ಯಂತ್ರವು ಹಡಗನ್ನು ಅದರ ಹತ್ತಿರದಲ್ಲಿಯೇ ತೋರಿಸುತ್ತಿದ್ದುದರಿಂದ, ಅದು ಅಲ್ಲಿರಲೇಬೇಕೆಂದು ಅವನು ನಂಬಿದ್ದನು. ವಂಶಾವಳಿಯಲ್ಲಿ ಒಂದು ಹೆಸರು ಇರಲೇಬೇಕೆಂದು ನಂಬಿ, ಶಾಸನದ ಸವೆದ ಜಾಗದಲ್ಲಿ ಅದೇ ಹೆಸರನ್ನು ಓದುವ ನಮ್ಮ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಸವೆದ ಅಕ್ಷರಗಳನ್ನು ಕಂಸದಲ್ಲಿಟ್ಟು, ಇದು ಕಂಡುದಲ್ಲ, ಊಹಿಸಿದ್ದು ಎಂದು ಗುರುತಿಸುವ ಸಂಪ್ರದಾಯವು ಶಾಸನಸಂಪಾದಕರಲ್ಲಿ ಬೆಳೆದುಬಂದುದು ಇದಕ್ಕಾಗಿಯೇ. ಆ ಪರದೆಯ ಎರಡು ಸಣ್ಣ ಅಕ್ಷರಗಳೂ ಅಂತಹ ಕಂಸವೇ ಆಗಿದ್ದುವು. ವಿದ್ಯಾರ್ಥಿಗಳು ಯಾವ ಆಕರವನ್ನು ಕೈಗೆತ್ತಿಕೊಂಡಾಗಲೂ ಮೊದಲು ಆ ಕಂಸವನ್ನು ಹುಡುಕುವುದನ್ನು ಕಲಿತರೆ ನಮ್ಮ ಈ ಲೇಖನದ ಶ್ರಮ ಸಾರ್ಥಕವಾಗುತ್ತದೆ.