ಗೇಟಿನ ಮೇಲಿನ ಹಳದಿ ಗಂಟೆ ಹೂ: ಬಳ್ಳಿಗಿಂತ ಕತ್ತರಿಸಿ ಎಸೆದ ರಾಶಿಯೇ ಹೆಚ್ಚು ಅಪಾಯ

ಪಟ್ಟಣದ ಯಾವ ಬಡಾವಣೆಗೆ ಹೋದರೂ ಒಂದೆರಡು ಗೇಟಿನ ಮೇಲಾದರೂ ಕಾಣುವ ಬಳ್ಳಿ ಇದು. ಅಂಗೈ ಅಗಲದ ಹಳದಿ ಹೂ, ಹೊಳೆಯುವ ಎಲೆ, ವರ್ಷದ ಬಹುಪಾಲು ದಿನ ಹೂ ಬಿಡುವ ಗುಣ. ನರ್ಸರಿಯವರು ಅಲಮಂಡ ಅಂತಾರೆ. ಜನ ಗಂಟೆ ಹೂ, ಹಳದಿ ಹೂವಿನ ಬಳ್ಳಿ ಅಂತ ತಮಗೆ ತೋಚಿದ ಹೆಸರಲ್ಲಿ ಕರೀತಾರೆ. ಆದರೆ ಬೇರಿನಿಂದ ಹೂವಿನವರೆಗೆ ಈ ಇಡೀ ಗಿಡವೇ ವಿಷ ಅನ್ನೋದು ನೆಟ್ಟವರಲ್ಲೂ ಬಹಳ ಮಂದಿಗೆ ಗೊತ್ತಿಲ್ಲ.

ಗೇಟಿನ ಮೇಲೆ ಹೂ ಬಿಟ್ಟುಕೊಂಡು ಇರುವಷ್ಟು ದಿನ ಅದರಿಂದ ಅಂಥ ತೊಂದರೆ ಇಲ್ಲ. ಬಳ್ಳಿ ಮಿತಿಮೀರಿ ಬೆಳೆದು, ಒಂದು ಭಾನುವಾರ ಮನೆಯವರು ಕತ್ತಿ ಹಿಡಿದು ಸವರಿ, ಆ ರಾಶಿಯನ್ನು ಪಕ್ಕದ ಖಾಲಿ ಸೈಟಿಗೆ ಎಸೆದಾಗ ಸಮಸ್ಯೆ ಶುರುವಾಗುತ್ತದೆ. ಕತ್ತರಿಸಿದ ಜಾಗದಿಂದೆಲ್ಲ ಬಿಳಿ ಹಾಲು ಸುರಿಯುತ್ತದೆ. ರಾಶಿಗೆ ದನ, ಮೇಕೆ ಬಾಯಿ ಹಾಕುತ್ತವೆ. ಮಕ್ಕಳು ಹೂ ಆರಿಸಲು ಬರುತ್ತಾರೆ. ಮರುದಿನ ಬೆಳಿಗ್ಗೆ ಪೌರಕಾರ್ಮಿಕರು ಬರಿಗೈಯಲ್ಲಿ ಎತ್ತುತ್ತಾರೆ. ಯಾರೂ ಎತ್ತದಿದ್ದರೆ, ಮಳೆ ಬಿದ್ದ ಮೇಲೆ ಅಲ್ಲೇ ಬೇರು ಬಿಡುತ್ತದೆ.

ಈ ಬಳ್ಳಿಯ ತವರು ದಕ್ಷಿಣ ಅಮೆರಿಕದ ಬ್ರೆಜಿಲ್ ಕಡೆ. 1771ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟಾಗ, ಅಲಮಾಂಡ್ ಎಂಬ ಸ್ವಿಸ್ ಸಸ್ಯತಜ್ಞನ ಹೆಸರನ್ನು ಮುಂದಿಟ್ಟು ‘ಅಲಮಂಡ ಕಥಾರ್ಟಿಕ’ ಎಂದು ಕರೆದ. ಕಥಾರ್ಟಿಕ ಅಂದ್ರೆ ಭೇದಿ ಮಾಡಿಸುವಂಥದ್ದು. ವಿಷದ ಸುದ್ದಿ ಹೆಸರಿನಲ್ಲೇ ಇದೆ, ನರ್ಸರಿಯ ಚೀಟಿಯಲ್ಲಿ ಮಾತ್ರ ಇರೋದಿಲ್ಲ!

ಕಣಗಿಲೆಯ ಕುಟುಂಬಕ್ಕೇ ಸೇರಿದ ಗಿಡವಾದರೂ ಕಣಗಿಲೆಯಷ್ಟು ಉಗ್ರವಲ್ಲ. ಎಲೆ, ಕಾಂಡ ಅಥವಾ ಹೂ ಹೊಟ್ಟೆಗೆ ಹೋದರೆ ಹೊಟ್ಟೆ ನುಲಿತ, ವಾಂತಿ, ಭೇದಿ. ದೊಡ್ಡವರಿಗೆ ಒಂದು ದಿನದ ಕಷ್ಟ ಇರಬಹುದು. ಆದರೆ ಎರಡು ವರ್ಷದ ಮಗುವಿಗೆ ಅಷ್ಟು ವಾಂತಿ ಭೇದಿಯಾದರೆ ನಿರ್ಜಲೀಕರಣವೇ ದೊಡ್ಡ ಅಪಾಯ. ಹಾಲು ಚರ್ಮಕ್ಕೆ ತಗುಲಿದರೆ ಕೆಲವರಿಗೆ ತುರಿಕೆ, ದದ್ದು, ಉರಿ ಆಗುತ್ತದೆ. ಕೆಲವರಿಗೆ ಏನೂ ಆಗೋದಿಲ್ಲ. ಹೀಗೆ ಏನೂ ಆಗದವರೇ ‘ಅದೆಲ್ಲ ಸುಳ್ಳು ಕಣ್ರೀ’ ಅಂತ ಪಕ್ಕದವರಿಗೂ ಧೈರ್ಯ ಹೇಳೋದು. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಮಾತ್ರ ಯಾರಿಗಾದರೂ ಉರಿಯುತ್ತದೆ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಲೇಬೇಕು. ಗಂಟೆಯಾಕಾರದ ಹಳದಿ ಹೂ ಬಿಡುವ ಇನ್ನೊಂದು ಗಿಡ ಹಳದಿ ಕಣಗಿಲೆ. ಅದು ಬಳ್ಳಿಯಲ್ಲ, ಸಣ್ಣ ಮರ. ಎಲೆ ಕಿರಿದಾಗಿ ಉದ್ದಕ್ಕೆ ಇರುತ್ತದೆ, ಹಸಿರು ಗಟ್ಟಿ ಕಾಯಿ ಬಿಡುತ್ತದೆ. ಅದರ ವಿಷ ಹೃದಯದ ಬಡಿತವನ್ನೇ ಕೆಡಿಸುವಂಥದ್ದು, ಜೀವ ತೆಗೆಯಬಲ್ಲದು. ಅಲಮಂಡದ ಎಲೆ ಅಗಲ, ಒಂದೊಂದು ಗಣ್ಣಿನಲ್ಲಿ ಮೂರು-ನಾಲ್ಕು ಎಲೆ ಸುತ್ತುಗಟ್ಟಿ ಇರುತ್ತವೆ. ನಮ್ಮ ಮನೆಗಳಲ್ಲಿ ಬೆಳೆಸಿದ ಅಲಮಂಡ ಕಾಯಿ ಕಟ್ಟುವುದು ಅಪರೂಪ, ಕಟ್ಟಿದರೂ ಕಾಯಿಯ ಮೈತುಂಬ ಮುಳ್ಳು. ಮಗು ಯಾವುದನ್ನು ತಿಂದಿದೆ ಅಂತ ಡಾಕ್ಟರ್ ಕೇಳಿದಾಗ ಈ ವ್ಯತ್ಯಾಸ ಗೊತ್ತಿದ್ದರೆ ಬಹಳ ಸಹಾಯ.

ಹಾಗಾದ್ರೆ ಬಳ್ಳಿ ಕಿತ್ತು ಹಾಕಬೇಕಾ? ಎಲ್ಲರೂ ಕೀಳಬೇಕಿಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗು ಮನೆಯಲ್ಲಿದ್ದರೆ, ಅಥವಾ ಕಾಂಪೌಂಡಿನ ಪಕ್ಕವೇ ಹಸು ಕಟ್ಟುವವರಾದರೆ ಇದನ್ನು ಹೊಸದಾಗಿ ನೆಡದಿರುವುದೇ ಒಳ್ಳೇದು. ಉಳಿದವರು ಹದ್ದುಬಸ್ತಿನಲ್ಲಿಟ್ಟು ಬೆಳೆಸಬಹುದು.

ಬೆಳೆಸೋದು ಕಷ್ಟದ ಕೆಲಸವಲ್ಲ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು, ನೀರು ನಿಲ್ಲದ ಮಣ್ಣು, ಆಗಾಗ ಒಂದಿಷ್ಟು ಕೊಟ್ಟಿಗೆ ಗೊಬ್ಬರ ಸಾಕು. ಯೂರಿಯಾ ಸುರಿದರೆ ಎಲೆ ದಟ್ಟವಾಗುತ್ತದೆ, ಹೂ ಕಮ್ಮಿಯಾಗುತ್ತದೆ. ಮಲ್ಲಿಗೆಯಂತೆ ತಾನಾಗಿ ಸುತ್ತಿಕೊಳ್ಳುವ ಗುಣ ಇದಕ್ಕಿಲ್ಲ, ಹಿಡಿದುಕೊಳ್ಳಲು ಎಳೆಗಳೂ ಇಲ್ಲ. ಬರೀ ಒರಗಿಕೊಂಡು, ಒಂದರ ಮೇಲೊಂದು ಬಿದ್ದು ಹತ್ತುತ್ತದೆ. ಆದ್ದರಿಂದ ತೆಂಗಿನ ನಾರಿನ ಹಗ್ಗದಲ್ಲೋ ಬಟ್ಟೆ ಪಟ್ಟಿಯಲ್ಲೋ ಸಡಿಲವಾಗಿ ಕಟ್ಟಿ ದಾರಿ ತೋರಿಸಬೇಕು. ಕಟ್ಟದೆ ಬಿಟ್ಟರೆ 15-20 ಅಡಿ ಏರೋದು ಇದಕ್ಕೆ ಲೆಕ್ಕವೇ ಅಲ್ಲ. ಅಂಗಡಿ ಮುಂದೆ ಜಾಗ ಕಮ್ಮಿ ಇರುವವರು ನರ್ಸರಿಯಲ್ಲಿ ಪೊದೆಯಾಗಿ ಬೆಳೆಯುವ ಕುಳ್ಳ ಜಾತಿ ಕೇಳಿ ದೊಡ್ಡ ಕುಂಡದಲ್ಲಿ ಹಾಕಿಕೊಳ್ಳಬಹುದು. ಕುಳ್ಳ ಅಂತ ಅದರಲ್ಲಿ ವಿಷ ಇಲ್ಲ ಅಂದುಕೊಳ್ಳಬೇಡಿ.

ಹೋಟೆಲ್, ಬೇಕರಿಯವರಿಗೆ ಒಂದು ಮಾತು. ಬಾಗಿಲಲ್ಲಿ ಉರುಳಿಗೆ ನೀರು ತುಂಬಿ ಈ ಹೂ ತೇಲಿಬಿಟ್ಟರೆ ನೋಡೋಕೆ ಚೆಂದ. ಸಂಜೆ ಆ ನೀರನ್ನು ದನ ಕುಡಿಯುವ ಜಾಗದಲ್ಲಿ ಚೆಲ್ಲಬೇಡಿ. ಕೇಕ್ ಮೇಲೆ, ತಿಂಡಿ ತಟ್ಟೆಯಲ್ಲಿ ಅಲಂಕಾರಕ್ಕೆ ಇಡೋದಂತೂ ಬೇಡವೇ ಬೇಡ.

ಸವರುವುದು ಯಾವಾಗ, ಹೇಗೆ

ಹೂ ಬರುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಜೋರಾಗಿ ಕತ್ತರಿಸಿದರೆ ಹೂ ಹೋಗುತ್ತೆ ಅನ್ನೋ ಭಯ ಬೇಡ. ಚಳಿ ಮುಗಿಯುವ ಫೆಬ್ರವರಿ ಹೊತ್ತಿಗೆ ಅರ್ಧಕ್ಕೆ ಇಳಿಸಿದರೂ ಬೇಸಿಗೆಗೆ ಮತ್ತೆ ತುಂಬಿಕೊಳ್ಳುತ್ತದೆ. ಫೆಬ್ರವರಿಯಲ್ಲಿ ಕತ್ತರಿಸೋದರ ಇನ್ನೊಂದು ಲಾಭ ಒಣಗಿಸೋದು ಸುಲಭ ಅನ್ನೋದು. ಜುಲೈನಲ್ಲಿ ಕತ್ತರಿಸಿದ ತುಂಡು ಒಣಗೋದಿಲ್ಲ, ಚಿಗುರುತ್ತದೆ. ಮಳೆಗಾಲದಲ್ಲಿ ತುದಿ ಚಿವುಟುತ್ತಾ ಇದ್ದರೆ ಸಾಕು.

ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸ್, ಕಣ್ಣಿಗೆ ಒಂದು ಕನ್ನಡಕ ಹಾಕಿಕೊಳ್ಳಿ. ತಲೆ ಮೇಲಿನ ಕೊಂಬೆಯನ್ನು ಕೆಳಗೆ ನಿಂತು ಕತ್ತರಿಸಿದರೆ ಹಾಲು ಮುಖದ ಮೇಲೇ ಬೀಳೋದು. ಬಳ್ಳಿ ಸರ್ವಿಸ್ ವೈರ್‌ಗೆ ಅಥವಾ ಕಂಬಕ್ಕೆ ಹತ್ತಿದ್ದರೆ ಏಣಿ ಹಾಕಿ ಸಾಹಸ ಮಾಡಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ, ಲೈನ್ ಆಫ್ ಮಾಡಿಸಿಯೇ ಕೈ ಹಾಕಬೇಕು.

ಕತ್ತರಿಸಿದ್ದನ್ನು ಏನು ಮಾಡೋದು? ತಾರಸಿ ಅಥವಾ ಸಿಮೆಂಟ್ ನೆಲದ ಮೇಲೆ, ಮಣ್ಣು ತಾಗದಂತೆ ಹರಡಿ, ಮುರಿದರೆ ‘ಟಕ್’ ಅನ್ನುವಷ್ಟು ಒಣಗಲು ಬಿಡಬೇಕು. ಆಮೇಲೆ ಗುಂಡಿಗೆ ಹಾಕಿ ಮುಚ್ಚಬಹುದು. ಸುಡಬೇಡಿ, ಹೊಗೆ ಕಣ್ಣು ಗಂಟಲಿಗೆ ಆಗೋದಿಲ್ಲ. ಕಸದ ಗಾಡಿಗೆ ಕೊಡೋದಾದರೆ ಅಡುಗೆಮನೆಯ ಹಸಿ ಕಸದ ಜತೆ ಬೆರೆಸದೆ ಬೇರೆ ಚೀಲಕ್ಕೆ ತುಂಬಿ, ‘ಇದರ ಹಾಲು ಕೈಗೆ ತಾಗಿಸ್ಕೋಬೇಡಿ’ ಅಂತ ಬಾಯಿಬಿಟ್ಟು ಹೇಳಿ ಕೊಡಿ. ಗಿಡದಲ್ಲಿರುವ ಎಲೆಯನ್ನು ದನ ಮೂಸಿ ಬಿಟ್ಟುಹೋಗಬಹುದು. ಅದೇ ಎಲೆ ತರಕಾರಿ ಸಿಪ್ಪೆ, ಹುಲ್ಲಿನ ಜತೆ ಬಿದ್ದಿದ್ದರೆ ಹಸಿದ ದನ ಆರಿಸಿ ತಿನ್ನುತ್ತಾ ಕೂರೋದಿಲ್ಲ.

ಹಳ್ಳ, ಚರಂಡಿ ಬದಿಗೆ ಎಸೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದೇ ಅಲಮಂಡ ಮನೆ ತೋಟದಿಂದ ಹೊರಬಿದ್ದು ತೊರೆಗಳ ದಂಡೆಯಲ್ಲಿ ಕಳೆಯಾಗಿ, ಕೆಳಗಿನ ಗಿಡಗಳನ್ನೆಲ್ಲ ಮುಚ್ಚಿಹಾಕುತ್ತಿದೆ. ಅಲ್ಲಿ ಹರಡಿದ್ದಕ್ಕೆ ದೊಡ್ಡ ಕಾರಣ ಬೀಜವಲ್ಲ, ಜನ ತಂದು ಸುರಿದ ತೋಟದ ಕಸ. ಹೆಚ್ಚು ಮಳೆ ಬೀಳುವ ನಮ್ಮ ಮಲೆನಾಡು, ಕರಾವಳಿಯಲ್ಲೂ ಈ ಬಳ್ಳಿಗೆ ಬೇಕಾದ ಹವೆಯೇ ಇದೆ.

ಪೂರ್ತಿ ತೆಗೆಯಬೇಕೆಂದರೆ ಬುಡಕ್ಕೆ ಕತ್ತರಿಸಿದರೆ ಸಾಲದು, ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಒಂದು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಪಿಕಾಸಿ ಹಾಕಿ ಬೇರು ಸಮೇತ ಎತ್ತಬೇಕು. ಮುಂದಿನ ಕೆಲವು ತಿಂಗಳು ಚಿಗುರು ಕಂಡಾಗಲೆಲ್ಲ ಕೀಳುತ್ತಿರಬೇಕು. ಕೆಲವರು ಕಳೆನಾಶಕ ಹೊಡೆದುಬಿಡೋಣ ಅಂತಾರೆ. ಗ್ಲೈಫೊಸೇಟ್ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಒಂದು ಗೇಟಿನ ಬಳ್ಳಿಗೆ ಅದರ ಅಗತ್ಯವೂ ಇಲ್ಲ.

ತಾಗಿದರೆ, ತಿಂದರೆ

ಹಾಲು ತಾಗಿದ ಚರ್ಮವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಉಜ್ಜದೆ 15 ನಿಮಿಷ ಶುದ್ಧ ನೀರು ಬಿಟ್ಟು, ನಂತರ ವೈದ್ಯರಿಗೆ ತೋರಿಸಿ. ಮಗು ಅಗಿದಿದ್ದರೆ ಬಾಯಲ್ಲಿ ಉಳಿದಿದ್ದನ್ನು ತೆಗೆದು, ಬಾಯಿ ತೊಳೆಸಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ. ಆಸ್ಪತ್ರೆಗೆ ಹೋಗುವಾಗ ಗಿಡದ ಒಂದು ಕೊಂಬೆಯನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ, ಇಲ್ಲವೇ ಎಲೆ ಮತ್ತು ಹೂ ಎರಡೂ ಕಾಣುವಂತೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಆಂಬುಲೆನ್ಸ್‌ಗೆ 108. ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ದಿನದ 24 ಗಂಟೆಯೂ ಕರೆ ಮಾಡಬಹುದು. ದನಕರು ತಿಂದಿದ್ದರೆ ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಿ, ಏನು ತಿಂದಿದೆ, ಎಷ್ಟು ಹೊತ್ತಾಯಿತು ಅನ್ನೋದನ್ನು ಮೊದಲು ತಿಳಿಸಿ.